ಜ್ವರದ ಸರ್ವೆಗೆ ಮನೆಗೇ ಬರುವುದು ಯಾಕೆ? ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಹರಡುವ ರೋಗಗಳ ಸರ್ವೆಗೆ ಹೋದಾಗ ಜನ ಬಾಗಿಲಲ್ಲೇ ನಿಲ್ಲಿಸಿ ಬಹಳ ಪ್ರಶ್ನೆ ಕೇಳುತ್ತಾರೆ. ಒಲೆ ಮೇಲೆ ಹಾಲಿಟ್ಟು ಬಂದವರಿಗೆ ಅಲ್ಲಿ ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಆದರೆ ಪ್ರಶ್ನೆಗಳು ಸರಿಯಾದವು, ಕೇಳಬೇಕಾದವು. ಅದಕ್ಕೇ ಬಿಡುವಾದಾಗ ಓದಲಿ ಅಂತ ಇಲ್ಲಿ ಬರೆದಿದ್ದೇನೆ. ಡೆಂಗ್ಯೂ ಬಗ್ಗೆಯೇ ಜಾಸ್ತಿ ಇದೆ, ಯಾಕೆಂದರೆ ಈ ಊರಿನಲ್ಲಿ ಜನ ಜಾಸ್ತಿ ಕೇಳುವುದೂ ಅದನ್ನೇ.

ನಮ್ಮ ಮನೆ ಡ್ರಮ್ಮು, ಸಂಪು ನೋಡಿ ನಿಮಗೇನಾಗಬೇಕು?

ಡೆಂಗ್ಯೂ ತರುವ ಈಡಿಸ್ ಸೊಳ್ಳೆ ಹುಟ್ಟುವುದೇ ಅಲ್ಲಿ. ಈ ಸೊಳ್ಳೆ ತುಂಬಾ ದೂರ ಹಾರುವುದಿಲ್ಲ. ಸಾಮಾನ್ಯವಾಗಿ ಕೆಲವು ನೂರು ಮೀಟರ್ ಒಳಗೇ ಅದರ ಬದುಕು ಮುಗಿಯುತ್ತದೆ. ಅಂದರೆ ನಿಮ್ಮನ್ನು ಕಚ್ಚಿದ ಸೊಳ್ಳೆ ಬೆಳ್ಳಂದೂರು ಕೆರೆಯಿಂದ ಬಂದಿದ್ದಲ್ಲ. ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ, ಎದುರಿನ ಕಟ್ಟಡದ ಮೇಲೋ ಹುಟ್ಟಿರುವ ಸಾಧ್ಯತೆಯೇ ಜಾಸ್ತಿ.

ನಾವು ಟಾರ್ಚ್ ಹಾಕಿ ನೋಡುತ್ತೇವೆ. ನೀರಿನಲ್ಲಿ ಲಾರ್ವಾ, ಅಂದರೆ ಸೊಳ್ಳೆಯ ಮರಿಹುಳು ಇದ್ದರೆ ಬೆಳಕು ಬಿದ್ದ ಕೂಡಲೇ ನುಲಿಯುತ್ತಾ ಕೆಳಗಿಳಿಯುತ್ತವೆ. ಆಮೇಲೆ ಬರೆದುಕೊಳ್ಳುವುದು ಎರಡು ವಿಷಯ. ಮನೆಯಲ್ಲಿ ನೀರು ನಿಂತ ಪಾತ್ರೆ, ತೊಟ್ಟಿ ಎಷ್ಟು? ಅವುಗಳಲ್ಲಿ ಲಾರ್ವಾ ಇರುವುದು ಎಷ್ಟರಲ್ಲಿ? ನಿಮ್ಮ ಅಡುಗೆಮನೆ ಹೇಗಿದೆ, ಮನೆಯಲ್ಲಿ ಎಷ್ಟು ಜನ ಮಲಗುತ್ತಾರೆ ಅನ್ನುವುದು ನಮಗೆ ಬೇಕಾಗಿಲ್ಲ.

ನಮ್ಮ ಮನೆ ಕ್ಲೀನಾಗಿದೆ. ಡೆಂಗ್ಯೂ ಕೊಳಕು ಇರೋ ಕಡೆ ಅಲ್ವಾ ಬರೋದು?

ಇದು ತುಂಬಾ ಗಟ್ಟಿಯಾಗಿ ಕೂತಿರುವ ತಪ್ಪು ತಿಳಿವಳಿಕೆ. ಚರಂಡಿಯ ಕೊಳಕು ನೀರಿನಲ್ಲಿ ಬೆಳೆಯುವುದು ಕ್ಯೂಲೆಕ್ಸ್ ಸೊಳ್ಳೆ. ರಾತ್ರಿ ಕಿವಿಯ ಹತ್ತಿರ ಗುಂಯ್ ಅನ್ನುವುದು ಬಹುತೇಕ ಅದೇ. ಈಡಿಸ್‌ಗೆ ಬೇಕಾಗಿರುವುದು ನಿಂತ ತಿಳಿನೀರು. ಕಾವೇರಿ ನೀರು ಹಿಡಿದಿಟ್ಟ ಡ್ರಮ್ಮು, ಮನಿ ಪ್ಲಾಂಟ್ ಬಾಟಲಿ, ಕೂಲರ್, ಫ್ರಿಜ್ಜಿನ ಹಿಂದಿನ ಟ್ರೇ, ಮೇಲಿನ ಟ್ಯಾಂಕಿನ ಒಡೆದ ಮುಚ್ಚಳ, ಕುಂಡದ ಕೆಳಗಿನ ತಟ್ಟೆ, ಇವೆಲ್ಲ ಅದಕ್ಕೆ ಇಷ್ಟ. ಬೀದಿಯಲ್ಲಾದರೆ ಎಳನೀರು ಬುರುಡೆ, ಟೈರು, ಕಟ್ಟುತ್ತಿರುವ ಬಿಲ್ಡಿಂಗಿನ ಲಿಫ್ಟ್ ಗುಂಡಿ, ಕ್ಯೂರಿಂಗಿಗೆ ಕಟ್ಟಿದ ನೀರು.

ಇದು ಹಗಲು ಕಚ್ಚುವ ಸೊಳ್ಳೆ. ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುಂಚೆ ಜಾಸ್ತಿ. ರಾತ್ರಿ ಮಾತ್ರ ಸೊಳ್ಳೆಬತ್ತಿ ಹಚ್ಚುವವರು ಇದನ್ನು ಗಮನಿಸಿ. ಮಕ್ಕಳಿಗೆ ಶಾಲೆಗೆ ಹೋಗುವಾಗಲೇ ಪೂರ್ತಿ ತೋಳಿನ ಬಟ್ಟೆ ಬೇಕು.

ವಾರಕ್ಕೊಮ್ಮೆ ನೀರು ಖಾಲಿ ಮಾಡಿ ಅಂತ ಯಾಕೆ ಹೇಳುತ್ತೀರಿ? ತಿಂಗಳಿಗೊಮ್ಮೆ ಟ್ಯಾಂಕ್ ತೊಳೆದರೆ ಸಾಲದಾ?

ಸಾಲದು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ವಾರಕ್ಕೊಮ್ಮೆ ನೀರು ಖಾಲಿ ಮಾಡಿದರೆ ಲಾರ್ವಾ ಹಾರುವ ಮುಂಚೆಯೇ ಹೋಗುತ್ತದೆ. ತಿಂಗಳಿಗೊಮ್ಮೆ ತೊಳೆದರೆ ಅಷ್ಟರಲ್ಲಿ ಎರಡು ಮೂರು ತಲೆಮಾರು ಹಾರಿ ಹೋಗಿರುತ್ತದೆ.

ಸುಮ್ನೆ ಚೆಲ್ಲಿದರೂ ಆಗುವುದಿಲ್ಲ, ಒಳಗಿನ ಗೋಡೆಯನ್ನು ಉಜ್ಜಬೇಕು. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗೆ, ಒದ್ದೆ ಗೋಡೆಯ ಮೇಲೆ. ಆ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ಬದುಕಿರಬಲ್ಲದು. ಬೇಸಿಗೆಯಲ್ಲಿ ಒಣಗಿದ್ದ ಡ್ರಮ್ಮಿಗೆ ಜೂನ್‌ನಲ್ಲಿ ಮಳೆನೀರು ಬಿದ್ದರೆ ಹಳೇ ಮೊಟ್ಟೆಗಳೇ ಒಡೆಯುತ್ತವೆ. ತೆಂಗಿನ ನಾರೋ ಬ್ರಷ್ಷೋ ತೆಗೆದುಕೊಂಡು ಚೆನ್ನಾಗಿ ಉಜ್ಜಿ, ಒಣಗಿಸಿ, ಆಮೇಲೆ ತುಂಬಿಸಿ. ದೊಡ್ಡ ಸಂಪನ್ನು ವಾರವಾರ ಖಾಲಿ ಮಾಡಲು ಯಾರಿಗೂ ಆಗುವುದಿಲ್ಲ, ಮಾಡಿ ಅಂತ ಹೇಳುವುದೂ ತಪ್ಪು. ಅದಕ್ಕೆ ಸಂದಿಲ್ಲದ ಮುಚ್ಚಳ ಬೇಕು. ಏರ್ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಬೇಕು. ಕುಡಿಯಲು ಬಳಸದ ತೊಟ್ಟಿಯಾದರೆ ಗಪ್ಪಿ ಮೀನು ಬಿಡಬಹುದು, ಅವು ಲಾರ್ವಾ ತಿನ್ನುತ್ತವೆ.

ನೀರೇ ದಿನಾ ಬರಲ್ಲ. ಹಿಡಿದಿಡದೆ ಏನು ಮಾಡೋದು?

ಈ ಪ್ರಶ್ನೆ ಕೇಳಿದವರಿಗೆ "ನೀರು ಸಂಗ್ರಹಿಸಬೇಡಿ" ಅಂತ ಉತ್ತರ ಕೊಡುವುದು ಅನ್ಯಾಯ. ಎರಡು ದಿನಕ್ಕೊಮ್ಮೆ ನಲ್ಲಿ ಬರುವ ಬೀದಿಯಲ್ಲಿ, ಟ್ಯಾಂಕರ್ ಕಾಯುವ ವಠಾರದಲ್ಲಿ, ಜನ ಡ್ರಮ್ಮು ಇಟ್ಟೇ ಇಡುತ್ತಾರೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ನಗರವೆಲ್ಲ ಬಕೆಟ್ಟು, ಡ್ರಮ್ಮುಗಳಲ್ಲಿ ನೀರು ಹಿಡಿಯಿತು. ಡೆಂಗ್ಯೂ ಬರೀ ಮಳೆಗಾಲದ ಕಾಯಿಲೆ ಅಂದುಕೊಳ್ಳಬಾರದು ಅನ್ನುವುದು ಇದಕ್ಕೇ. ನೀರು ಕಡಿಮೆಯಾದಾಗಲೂ ಸೊಳ್ಳೆಗೆ ಜಾಗ ಸಿಗುತ್ತದೆ.

ನೀರು ಸರಿಯಾಗಿ ಕೊಡುವುದೂ ಡೆಂಗ್ಯೂ ತಡೆಯುವ ಕೆಲಸವೇ. ಸರ್ವೆಯ ವರದಿಯಲ್ಲಿ "ಜನರಿಗೆ ತಿಳಿವಳಿಕೆ ಕಡಿಮೆ" ಅಂತ ಬರೆದು ಮುಗಿಸುವುದು ಸುಲಭ. ಆದರೆ ಯಾವ ಬೀದಿಗೆ ವಾರಕ್ಕೆ ಎಷ್ಟು ಸಲ ನೀರು ಬರುತ್ತದೆ ಅನ್ನುವುದನ್ನು ಲಾರ್ವಾ ಲೆಕ್ಕದ ಪಕ್ಕದಲ್ಲೇ ಬರೆಯಬೇಕು. ಆಗ ಜವಾಬ್ದಾರಿ ಯಾರದು ಅನ್ನುವುದು ಕಾಗದದ ಮೇಲೆ ಬರುತ್ತದೆ. ನೀವು ಇವತ್ತೇ ಮಾಡಬಹುದಾದ್ದು ಇಷ್ಟು: ಡ್ರಮ್ಮಿನ ಬಾಯಿಗೆ ಹಳೇ ಪಂಚೆಯೋ ಸೀರೆಯೋ ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿ.

ಎಣಿಸಿ ಏನು ಪ್ರಯೋಜನ? ಔಷಧಿ ಹಾಕಿ ಹೋಗಬಹುದಲ್ವಾ?

ಎಣಿಸದೆ ಹಾಕಿದರೆ ಎಲ್ಲಿ ಹಾಕಬೇಕು, ಹಾಕಿದ್ದು ಕೆಲಸ ಮಾಡಿತೋ ಇಲ್ಲವೋ, ಯಾವುದೂ ಗೊತ್ತಾಗುವುದಿಲ್ಲ. ಲೆಕ್ಕ ಹೀಗಿದೆ. ಒಂದು ಬಡಾವಣೆಯಲ್ಲಿ 100 ಮನೆ ನೋಡಿದೆವು ಅಂದುಕೊಳ್ಳಿ. 8 ಮನೆಗಳಲ್ಲಿ ಲಾರ್ವಾ ಸಿಕ್ಕಿತು. ಆಗ ಹೌಸ್ ಇಂಡೆಕ್ಸ್ 8. ಆ 8 ಮನೆಗಳಲ್ಲಿ ಒಟ್ಟು 20 ಪಾತ್ರೆಗಳಲ್ಲಿ ಲಾರ್ವಾ ಇತ್ತು. ಆಗ ಬ್ರೆಟೋ ಇಂಡೆಕ್ಸ್, ಅಂದರೆ 100 ಮನೆಗೆ ಲಾರ್ವಾ ಇರುವ ಪಾತ್ರೆಗಳ ಲೆಕ್ಕ, 20. ಇನ್ನೊಂದು ಬಡಾವಣೆಯಲ್ಲೂ ಲಾರ್ವಾ ಇರುವ ಪಾತ್ರೆ 20, ಆದರೆ ಅವು 20 ಮನೆಗಳಲ್ಲಿ ಹರಡಿವೆ. ಪಾತ್ರೆಗಳ ಲೆಕ್ಕ ಒಂದೇ, ಮಾಡಬೇಕಾದ ಕೆಲಸ ಬೇರೆ. ಮೊದಲನೇ ಕಡೆ ಕೆಲವೇ ಮನೆಗಳಿಗೆ ಮತ್ತೆ ಹೋಗಿ ಕೂತು ಮಾತಾಡಬೇಕು. ಎರಡನೇ ಕಡೆ ಬೀದಿಗೆ ಬೀದಿಯೇ ಏನೋ ತೊಂದರೆಯಲ್ಲಿದೆ, ಬಹುಶಃ ನೀರಿನದ್ದೇ.

ಈ ಲೆಕ್ಕಕ್ಕೂ ಮಿತಿ ಇದೆ. ಒಂದು ಎಳನೀರು ಬುರುಡೆಯೂ ಒಂದು ಪಾತ್ರೆ, ಬಾಯಿ ತೆರೆದ ಒಂದು ಸಂಪೂ ಒಂದು ಪಾತ್ರೆ. ಸಂಪಿನಿಂದ ಹೊರಬರುವ ಸೊಳ್ಳೆಗಳ ಮುಂದೆ ಬುರುಡೆ ಏನೂ ಅಲ್ಲ. ಅದಕ್ಕೆ ಕೆಲವು ಅಧ್ಯಯನಗಳಲ್ಲಿ ಲಾರ್ವಾ ಬಿಟ್ಟು ಅದರ ಮುಂದಿನ ಹಂತವಾದ ಪ್ಯೂಪಾಗಳನ್ನು ಎಣಿಸುತ್ತಾರೆ. ಪ್ಯೂಪಾ ಒಂದೆರಡು ದಿನದಲ್ಲಿ ಸೊಳ್ಳೆಯಾಗುವುದು ಹೆಚ್ಚುಕಡಿಮೆ ಖಚಿತ.

ಬೆಂಗಳೂರಿನಲ್ಲಿ ಇನ್ನೊಂದು ದೊಡ್ಡ ತೊಡಕು ಬೀಗ ಹಾಕಿದ ಮನೆ. ಬೆಳಗ್ಗೆ 10ರ ಮೇಲೆ ಹೋದರೆ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿರುತ್ತಾರೆ. ಪಿಜಿಗಳಲ್ಲಿ ಕೇಳುವವರೇ ಇರುವುದಿಲ್ಲ. ಅಪಾರ್ಟ್‌ಮೆಂಟಿನ ಗೇಟಿನಲ್ಲೇ ಸೆಕ್ಯೂರಿಟಿ ತಡೆಯುತ್ತಾರೆ. ಕೊನೆಗೆ ಬಾಗಿಲು ತೆರೆದ ಮನೆಗಳ ಲೆಕ್ಕವೇ ಇಡೀ ವಾರ್ಡಿನ ಲೆಕ್ಕವಾಗಿ ಬಿಡುತ್ತದೆ. ಸಣ್ಣ ಮನೆಗಳ ಬೀದಿಯಲ್ಲಿ ಯಾವಾಗಲೂ ಯಾರೋ ಒಬ್ಬರು ಇರುತ್ತಾರೆ, ಅಲ್ಲಿ ಲಾರ್ವಾ ಸಿಗುತ್ತದೆ, "ಅಲ್ಲಿನವರಿಂದಲೇ ರೋಗ" ಅನ್ನುವ ಮಾತು ಹುಟ್ಟುತ್ತದೆ. ನೋಡಲು ಬಿಡದ ಮನೆಯಲ್ಲಿ ಲಾರ್ವಾ ಇಲ್ಲ ಅಂತ ಯಾರು ಹೇಳಿದರು? ಇದು ನನಗೆ ತುಂಬಾ ಬೇಸರ ತರುವ ವಿಷಯ. ಸಂಜೆ ಅಥವಾ ಭಾನುವಾರ ಮತ್ತೆ ಬರಲೇ ಅಂತ ಕೇಳಿದರೆ ದಯವಿಟ್ಟು ಹೂಂ ಅನ್ನಿ.

ಹೊಗೆ ಹೊಡೆದರೆ ಎಲ್ಲ ಸೊಳ್ಳೆ ಸಾಯಲ್ವಾ?

ಹೊಗೆ ಹಾರುತ್ತಿರುವ ಸೊಳ್ಳೆಗೆ ಮಾತ್ರ, ಅದೂ ಹೊಗೆ ತಾಗಿದರೆ ಮಾತ್ರ. ಈಡಿಸ್ ಮನೆಯೊಳಗೆ ಪರದೆ ಹಿಂದೆ, ಮಂಚದ ಕೆಳಗೆ, ಬಟ್ಟೆ ನೇತುಹಾಕಿದ ಕಡೆ ಕೂತಿರುತ್ತದೆ. ನಾವು ಹೊಗೆ ಬಂದ ಕೂಡಲೇ ಕಿಟಕಿ ಹಾಕಿಕೊಳ್ಳುತ್ತೇವೆ. ನೀರಿನಲ್ಲಿರುವ ಲಾರ್ವಾಗೆ ಏನೂ ಆಗುವುದಿಲ್ಲ, ವಾರದಲ್ಲಿ ಹೊಸ ಸೊಳ್ಳೆ ಬರುತ್ತದೆ. ಒಂದು ಕಡೆ ತುಂಬಾ ಜನಕ್ಕೆ ಒಟ್ಟಿಗೆ ಜ್ವರ ಬಂದಾಗ ಹೊಗೆಯಿಂದ ಸ್ವಲ್ಪ ಉಪಯೋಗ ಇದೆ. ಉಳಿದಂತೆ ಅದು ಕಣ್ಣಿಗೆ ಕಾಣುತ್ತದೆ ಅಂತಲೇ ಜನ ಕೇಳುತ್ತಾರೆ, ಜನ ಕೇಳುತ್ತಾರೆ ಅಂತಲೇ ಹೊಡೆಯುತ್ತಾರೆ.

ಪಕ್ಕದ ಖಾಲಿ ಸೈಟಲ್ಲಿ ನೀರು ನಿಂತಿದೆ. ಓನರ್ ಫೋನೇ ಎತ್ತಲ್ಲ.

2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗಗಳ ಕಾಯ್ದೆಯ ಕೆಳಗೆ ತಂದಿತು. ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಇದೆ. ನಗರಗಳಲ್ಲಿ ಮನೆಗಳಿಗೆ 400 ರೂಪಾಯಿ, ಅಂಗಡಿ ಹೋಟೆಲ್‌ಗಳಂಥ ವಾಣಿಜ್ಯ ಜಾಗಗಳಿಗೆ 1,000, ಕಟ್ಟಡ ಕೆಲಸದ ಜಾಗ ಮತ್ತು ಖಾಲಿ ಸೈಟುಗಳಿಗೆ 2,000. ಫೋಟೋ ತೆಗೆದು ನಿಮ್ಮ ಪಾಲಿಕೆಯ ಆರೋಗ್ಯ ಅಧಿಕಾರಿಗಳಿಗೆ ದೂರು ಕೊಡಿ. ಬಿಬಿಎಂಪಿ ಹೋಗಿ 2025ರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಬಂದಿವೆ. ನಿಮ್ಮ ಮನೆ ಯಾವುದಕ್ಕೆ ಸೇರುತ್ತದೆ ಅಂತ ಮೊದಲೇ ತಿಳಿದುಕೊಂಡಿದ್ದರೆ ಒಳ್ಳೆಯದು.

ಜ್ವರ ಬಂದ ಕೂಡಲೇ ಯಾವ ಟೆಸ್ಟ್ ಮಾಡಿಸಬೇಕು?

ಜ್ವರದ ಮೊದಲ 5 ದಿನದಲ್ಲಾದರೆ ಎನ್‌ಎಸ್1. ಅದು ವೈರಸ್ಸಿನ ಒಂದು ಪ್ರೋಟೀನನ್ನು ಹುಡುಕುತ್ತದೆ. 5 ದಿನ ದಾಟಿದರೆ ಐಜಿಎಂ. ಅದು ನಮ್ಮ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತದೆ. ತಡವಾಗಿ ಹೋಗಿ ಎನ್‌ಎಸ್1 ಮಾತ್ರ ಮಾಡಿಸಿ "ನೆಗೆಟಿವ್ ಬಂತು" ಅಂತ ನಿಶ್ಚಿಂತೆಯಾಗಬೇಡಿ. 2024ರ ಜುಲೈಯಲ್ಲಿ ಸರ್ಕಾರ ಖಾಸಗಿ ಲ್ಯಾಬುಗಳಿಗೆ ದರ ಕಟ್ಟಿತು. ಎಲೈಸಾ ಅನ್ನುವ ಲ್ಯಾಬ್ ವಿಧಾನದ ಎನ್‌ಎಸ್1ಗೆ 300, ಐಜಿಎಂಗೆ 300, ರ್‍ಯಾಪಿಡ್ ಕಾರ್ಡಿಗೆ, ಅಂದರೆ ಬೇಗ ಫಲಿತಾಂಶ ಕೊಡುವ ಕಿಟ್ಟಿಗೆ, 250 ರೂಪಾಯಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಡಾಕ್ಟರ್ ಹೇಳಿದ ಪ್ರಮಾಣದಲ್ಲಿ. ಮೈಕೈ ನೋವು ಅಂತ ಮೆಡಿಕಲ್ ಶಾಪಿನಿಂದ ಆಸ್ಪಿರಿನ್, ಐಬುಪ್ರೊಫೆನ್ ತಂದು ನುಂಗಬೇಡಿ. ಅವು ರಕ್ತಸ್ರಾವವನ್ನು ಜಾಸ್ತಿ ಮಾಡಬಹುದು. ನೀರು, ಗಂಜಿ, ಮಜ್ಜಿಗೆ, ಓಆರ್‌ಎಸ್ ಕುಡಿಯುತ್ತಿರಿ.

ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಅಪಾಯದ್ದು. ಮನೆಯವರು "ಅಬ್ಬಾ, ಜ್ವರ ಇಳಿಯಿತು" ಅಂದುಕೊಳ್ಳುವ ಹೊತ್ತು ಅದು. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮಗು ತೂಕಡಿಸುತ್ತಾ ಮಂಕಾಗಿರುವುದು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ಲೇಟ್‌ಲೆಟ್ ಕಡಿಮೆ ಆದರೆ ಹಾಕಿಸಲೇಬೇಕಾ?

ಬಹಳಷ್ಟು ಜನಕ್ಕೆ ಬೇಕಾಗುವುದಿಲ್ಲ. ಡೆಂಗ್ಯೂನಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ತಾನಾಗಿಯೇ ಏರುತ್ತದೆ. ರಕ್ತಸ್ರಾವ ಇದ್ದರೆ, ಅಥವಾ ತೀರಾ ಕೆಳಗೆ, ಸಾಮಾನ್ಯವಾಗಿ 10,000ಕ್ಕಿಂತ ಕೆಳಗೆ ಹೋದರೆ ಹಾಕುತ್ತಾರೆ. ಡಾಕ್ಟರ್‌ಗಳು ಅದಕ್ಕಿಂತ ಹೆಚ್ಚು ಗಮನಿಸುವುದು ನೀರಿನಂಶ ಕಡಿಮೆಯಾಗಿ ರಕ್ತ ಮಂದವಾಗುತ್ತಿದೆಯಾ, ಬಿಪಿ ಬೀಳುತ್ತಿದೆಯಾ ಅನ್ನುವುದನ್ನು. ಯಾಕೆಂದರೆ ಜೀವ ತೆಗೆಯುವುದು ಬಹುತೇಕ ರಕ್ತನಾಳದಿಂದ ನೀರಿನಂಶ ಸೋರುವುದು. ಪಪ್ಪಾಯಿ ಎಲೆ ರಸ ಕುಡಿದುಕೊಂಡು ಮನೆಯಲ್ಲೇ ಕಾಯುವುದು ಅಪಾಯ.

ಒಂದು ಸಲ ಬಂದ ಮೇಲೆ ಮತ್ತೆ ಬರಲ್ಲ ತಾನೇ?

ಡೆಂಗ್ಯೂ ವೈರಸ್ಸಿನಲ್ಲಿ 4 ಬಗೆ. ಒಂದು ಬಗೆ ಬಂದರೆ ಆ ಬಗೆಯಿಂದ ಬಹುಕಾಲ ರಕ್ಷಣೆ. ಬೇರೆ ಬಗೆ ಮತ್ತೆ ಬರಬಹುದು, ಎರಡನೇ ಸಲ ತೀವ್ರವಾಗುವ ಸಾಧ್ಯತೆ ಜಾಸ್ತಿ. ಮೊದಲು ಬಂದಿತ್ತು ಅನ್ನುವುದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಮನೆಯಲ್ಲಿ ಒಬ್ಬರಿಗೆ ಬಂದರೆ ಉಳಿದವರು ದೂರ ಇರಬೇಕಾ?

ಬೇಡ. ಮುಟ್ಟಿದರೆ, ಒಟ್ಟಿಗೆ ಊಟ ಮಾಡಿದರೆ ಬರುವುದಿಲ್ಲ. ಆದರೆ ಜ್ವರ ಇರುವವರನ್ನು ಸೊಳ್ಳೆ ಕಚ್ಚದಂತೆ ನೋಡಿಕೊಳ್ಳಬೇಕು, ಇದನ್ನೇ ಎಲ್ಲರೂ ಮರೆಯುವುದು. ಸೊಳ್ಳೆ ಅವರ ರಕ್ತ ಹೀರಿ, ವೈರಸ್ ಅದರೊಳಗೆ ಬೆಳೆದು, ಇನ್ನೊಬ್ಬರಿಗೆ ದಾಟಿಸುವ ಸ್ಥಿತಿಗೆ ಬರಲು ಸುಮಾರು 8ರಿಂದ 12 ದಿನ. ಆಮೇಲೆ ಬದುಕಿರುವವರೆಗೂ ಅದು ದಾಟಿಸುತ್ತದೆ. ಒಂದು ಮನೆಯಲ್ಲಿ ಒಬ್ಬರಿಗೆ ಬಂದು ಎರಡು ಮೂರು ವಾರದ ಮೇಲೆ ಪಕ್ಕದ ಮನೆಯಲ್ಲಿ ಶುರುವಾಗುವುದು ಇದರಿಂದಲೇ. ಜ್ವರದ ದಿನಗಳಲ್ಲಿ ಹಗಲು ಹೊತ್ತೂ ಸೊಳ್ಳೆ ಪರದೆಯೊಳಗೆ ಮಲಗಿಸಿ. ಅಷ್ಟು ಮಾಡಿದರೆ ಬೀದಿಗೇ ಉಪಕಾರ.

ನಮ್ಮ ಬೀದಿಯಲ್ಲೇ ಇಷ್ಟು ಜನಕ್ಕೆ ಬಂದಿದೆ. ಸರ್ಕಾರದ ಲೆಕ್ಕದಲ್ಲಿ ಯಾಕೆ ಕಡಿಮೆ?

ಮುಚ್ಚಿಡುತ್ತಿದ್ದಾರೆ ಅಂತ ಜನ ನೇರ ಕೇಳುತ್ತಾರೆ. ಕಾರಣ ಹೆಚ್ಚಾಗಿ ಬೇರೆ ಇದೆ. ಸರ್ಕಾರದ ಲೆಕ್ಕದಲ್ಲಿ ಖಚಿತ ಪ್ರಕರಣ ಅಂದರೆ ಎಲೈಸಾ ಪರೀಕ್ಷೆಯಲ್ಲಿ ಪಾಸಿಟಿವ್ ಬಂದದ್ದು. ಬಹಳ ಕಡೆ ಮಾಡುವುದು ರ್‍ಯಾಪಿಡ್ ಕಾರ್ಡ್. ಅದರಲ್ಲಿ ಪಾಸಿಟಿವ್ ಬಂದರೆ "ಇರಬಹುದು" ಅಂತ ಅಷ್ಟೇ. ಇನ್ನು ಟೆಸ್ಟೇ ಮಾಡಿಸದವರು, ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ಮುಗಿಸಿದವರು, ಊರಿಗೆ ಹೋಗಿ ತೋರಿಸಿಕೊಂಡವರು, ಜ್ವರವೇ ಕಾಣಿಸಿಕೊಳ್ಳದವರು ಯಾವ ಲೆಕ್ಕಕ್ಕೂ ಬರುವುದಿಲ್ಲ. ಸಣ್ಣ ಕ್ಲಿನಿಕ್‌ಗಳು ವರದಿ ಕಳಿಸುವುದೂ ಅಷ್ಟಕ್ಕಷ್ಟೇ.

ಕೋವಿಡ್‌ನಲ್ಲಿ ಇದು ಚೆನ್ನಾಗಿ ಗೊತ್ತಾಯಿತು. 2020ರ ಸೆಪ್ಟೆಂಬರಿನಲ್ಲಿ ಕರ್ನಾಟಕದಲ್ಲಿ 16,000ಕ್ಕೂ ಹೆಚ್ಚು ಜನರ ಮಾದರಿ ತೆಗೆದು ಸರ್ವೆ ಮಾಡಿದರು. ನೂರರಲ್ಲಿ ಸುಮಾರು 27 ಮಂದಿಗೆ ಆಗಲೇ ಸೋಂಕು ಬಂದು ಹೋಗಿತ್ತು ಅಥವಾ ಆಗ ಇತ್ತು ಅಂತ ಅಂದಾಜಾಯಿತು. ಲೆಕ್ಕಕ್ಕೆ ಸಿಕ್ಕ ಪ್ರತಿ ಒಬ್ಬರಿಗೆ ಸುಮಾರು 40 ಜನ ಸೋಂಕಿತರು! ಆಸ್ಪತ್ರೆಯ ರಿಜಿಸ್ಟರ್ ನೋಡಿಕೊಂಡು ಕೂತಿದ್ದರೆ ಇದು ಯಾವತ್ತೂ ತಿಳಿಯುತ್ತಿರಲಿಲ್ಲ.

ರಕ್ತ ಕೇಳುತ್ತೀರಿ. ಅದನ್ನು ಏನು ಮಾಡುತ್ತೀರಿ? ಕೊಡಲ್ಲ ಅಂದರೆ?

ಕೊಡಲ್ಲ ಅಂದರೆ ಅಲ್ಲಿಗೆ ಮುಗಿಯಿತು. ಯಾವ ಕಾರಣವನ್ನೂ ಹೇಳಬೇಕಾಗಿಲ್ಲ. ರೇಷನ್ ಕಾರ್ಡು, ಪಿಂಚಣಿ, ಆಸ್ಪತ್ರೆ ಚಿಕಿತ್ಸೆ, ಯಾವುದಕ್ಕೂ ಅದರಿಂದ ತೊಂದರೆ ಆಗಕೂಡದು. ಒಪ್ಪಿಕೊಂಡ ಮೇಲೂ ಮಧ್ಯದಲ್ಲಿ ಬೇಡ ಅನ್ನಬಹುದು.

ಒಪ್ಪುವ ಮುಂಚೆ ನೀವು ಕೇಳಲೇಬೇಕಾದವು ಕೆಲವು ಇವೆ. ಈ ಅಧ್ಯಯನ ಯಾರದು? ನೈತಿಕತಾ ಸಮಿತಿ ಒಪ್ಪಿದೆಯಾ? ರಕ್ತದಲ್ಲಿ ಯಾವ ಯಾವ ಪರೀಕ್ಷೆ ಮಾಡುತ್ತೀರಿ? ಉಳಿದ ರಕ್ತವನ್ನು ಇಟ್ಟುಕೊಂಡು ಮುಂದೆ ಬೇರೆ ಪರೀಕ್ಷೆಗೆ ಬಳಸುತ್ತೀರಾ? ನನ್ನ ರಿಪೋರ್ಟ್ ನನಗೆ ಕೊಡುತ್ತೀರಾ? ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು? ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಇವೆಲ್ಲ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಕನ್ನಡದಲ್ಲಿ, ತಮಿಳಿನಲ್ಲಿ, ಉರ್ದುವಿನಲ್ಲಿ, ನಿಮಗೆ ಯಾವುದು ಬರುತ್ತದೋ ಅದರಲ್ಲಿ. ಇಂಗ್ಲಿಷ್ ಫಾರಂ ಕೊಟ್ಟು "ಇಲ್ಲಿ ಸೈನ್ ಹಾಕಿ" ಅಂದರೆ ಹಾಕಬೇಡಿ. ಒಂದು ಪ್ರತಿ ನಿಮ್ಮ ಹತ್ತಿರ ಉಳಿಯಬೇಕು.

ರಕ್ತದ ಟ್ಯೂಬಿನ ಮೇಲೆ ಹೆಸರಿನ ಬದಲು ಒಂದು ನಂಬರ್ ಇರುತ್ತದೆ. ಲ್ಯಾಬಿನಲ್ಲಿ ಪರೀಕ್ಷೆ ಮಾಡುವವರಿಗೆ ಅದು ಯಾರದು ಅಂತ ಗೊತ್ತಾಗುವುದಿಲ್ಲ. ಇನ್ನೊಂದು ಮಾತು. ಸರ್ವೆಗೆ ಮನೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. "ನಮ್ಮ ಬದಲು ಪಕ್ಕದವರದ್ದು ತಗೊಳ್ಳಿ" ಅಂದರೆ ನಮಗೆ ತೆಗೆದುಕೊಳ್ಳಲು ಆಗುವುದಿಲ್ಲ. ಆಸೆಯಿಂದ ಮುಂದೆ ಬಂದವರನ್ನೇ ಪರೀಕ್ಷೆ ಮಾಡಿದರೆ ಊರಿನ ನಿಜವಾದ ಸ್ಥಿತಿ ತಿಳಿಯುವುದಿಲ್ಲ.

ಚರಂಡಿ ನೀರು ಟೆಸ್ಟ್ ಮಾಡುತ್ತಾರಂತೆ. ಅದರಲ್ಲಿ ಏನು ಗೊತ್ತಾಗುತ್ತೆ?

ಕೆಲವು ರೋಗಗಳಲ್ಲಿ ಸೋಂಕು ತಗುಲಿದವರ ಮಲದಲ್ಲಿ ವೈರಸ್ಸಿನ ಅಂಶ ಹೊರಬರುತ್ತದೆ, ಲಕ್ಷಣ ಇಲ್ಲದಿದ್ದರೂ. ಟಾಯ್ಲೆಟ್‌ನಿಂದ ಒಳಚರಂಡಿಗೆ, ಅಲ್ಲಿಂದ ಸಂಸ್ಕರಣಾ ಘಟಕಕ್ಕೆ. ಘಟಕಕ್ಕೆ ಬರುವ ನೀರನ್ನು ಬಾಟಲಿಯಲ್ಲಿ ತುಂಬಿ ಆರ್‌ಟಿಪಿಸಿಆರ್ ಮಾಡಿದರೆ ಲಕ್ಷಾಂತರ ಜನರ ಸ್ಥಿತಿ ಒಟ್ಟಿಗೆ ತಿಳಿಯುತ್ತದೆ. ಪೋಲಿಯೋಗೆ ಇದನ್ನು ಭಾರತದಲ್ಲಿ 2001ರಿಂದಲೇ ಮಾಡುತ್ತಿದ್ದಾರೆ, ಶುರುವಾಗಿದ್ದು ಮುಂಬಯಿಯಲ್ಲಿ. ಬೆಂಗಳೂರಿನಲ್ಲಿ ಕೋವಿಡ್ ಸಮಯದಲ್ಲಿ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್ ವಿಜ್ಞಾನಿಗಳು ಮತ್ತು ಜೊತೆಗಾರ ಸಂಸ್ಥೆಗಳು ಜಲಮಂಡಳಿಯ 28 ಘಟಕಗಳ ನೀರನ್ನು ಪರೀಕ್ಷಿಸಿದರು. ವೈರಸ್ಸಿನ ಯಾವ ತಳಿ ಹರಡುತ್ತಿದೆ ಅನ್ನುವುದನ್ನೂ ಅದೇ ನೀರಿನಿಂದ ಓದಬಹುದು.

ನನಗೆ ಇದು ಇಷ್ಟವಾಗುವ ಕಾರಣ ಬೇರೆ. ಟೆಸ್ಟಿಗೆ ಸಾಲಿನಲ್ಲಿ ನಿಲ್ಲಲು ಬಿಡುವು, ದುಡ್ಡು ಇದ್ದವರೂ ಇಲ್ಲದವರೂ ಇದರಲ್ಲಿ ಒಂದೇ. ಮನೆಕೆಲಸದವರು, ಡೆಲಿವರಿ ಹುಡುಗರು, ದೊಡ್ಡ ಅಪಾರ್ಟ್‌ಮೆಂಟಿನವರು, ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಯಾರದ್ದು ಅಂತ ಹೇಳಲು ಸಾಧ್ಯವೇ ಇಲ್ಲ, ಹಾಗಾಗಿ ಯಾರ ಮನೆಗೂ ಚೀಟಿ ಅಂಟಿಸಲು ಆಗುವುದಿಲ್ಲ.

ಕೊರತೆಯೂ ಇದೆ. ಒಳಚರಂಡಿಗೆ ಸೇರದ ಹೊರವಲಯದ ಬಡಾವಣೆಗಳು ಇದರಲ್ಲಿ ಕಾಣುವುದಿಲ್ಲ. ಅಲ್ಲಿ ಪಿಟ್ಟು ತುಂಬಿದಾಗ ಲಾರಿ ಕರೆಸುತ್ತಾರೆ. ಸ್ವಂತ ಸಂಸ್ಕರಣಾ ಘಟಕ ಇರುವ ಅಪಾರ್ಟ್‌ಮೆಂಟ್‌ಗಳೂ ಹಾಗೆಯೇ. ಮನೆಗೆ ಹೋಗಿ ಕೇಳುವ ಕೆಲಸವನ್ನು ಇದು ತಪ್ಪಿಸುವುದಿಲ್ಲ. ಯಾವ ಕಡೆ ಮೊದಲು ಹೋಗಬೇಕು ಅಂತ ಹೇಳುತ್ತದೆ, ಅಷ್ಟೇ.

ಇದೆಲ್ಲ ಹೊಸದಾಗಿ ಶುರುವಾಗಿದ್ದಾ?

ಖಂಡಿತ ಅಲ್ಲ. ಬೆಂಗಳೂರಿಗೂ ಈ ಕೆಲಸಕ್ಕೂ ಹಳೇ ಸಂಬಂಧ ಇದೆ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಅಂತ ತೋರಿಸಿ 1902ರಲ್ಲಿ ನೊಬೆಲ್ ಪಡೆದ ರೊನಾಲ್ಡ್ ರಾಸ್ 1883ರಲ್ಲಿ ಇಲ್ಲಿನ ಸೈನ್ಯದಲ್ಲಿ ಡಾಕ್ಟರಾಗಿದ್ದರು. ಅವರ ಬಂಗಲೆಯಲ್ಲಿ ಸೊಳ್ಳೆ ಕಾಟ. ಕಿಟಕಿಯ ಹೊರಗಿದ್ದ ತೊಟ್ಟಿಯ ನೀರಿನಲ್ಲಿ ಲಾರ್ವಾ ತುಂಬಿದ್ದನ್ನು ಕಂಡು ಅದನ್ನು ಮಗುಚಿದರು. ಸೊಳ್ಳೆ ಕಡಿಮೆಯಾಯಿತು. ಸೊಳ್ಳೆಗೂ ಮಲೇರಿಯಾಗೂ ಇರುವ ಸಂಬಂಧ ಆಗ ಅವರಿಗೇ ಗೊತ್ತಿರಲಿಲ್ಲ. ಅದು ತಿಳಿದದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಹುಬ್ಬಳ್ಳಿ ಕಡೆಯಿಂದ ರೈಲಿನ ದಾರಿಯಲ್ಲಿ. ಪೇಟೆಯ ಇಕ್ಕಟ್ಟಾದ ಮನೆಗಳಲ್ಲಿ ಜನ ತುಂಬಾ ಸತ್ತರು. ಊರು ಬಿಟ್ಟು ಓಡಿದರು. ಅದಾದ ಮೇಲೆಯೇ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೆಳೆದದ್ದು. ಅಗಲ ರಸ್ತೆ, ಮನೆಗಳ ಹಿಂದೆ ಮಲ, ಕಸ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಓಣಿ, ಇವೆಲ್ಲ ಗಾಳಿ, ಬೆಳಕು, ಸ್ವಚ್ಛತೆಯ ಲೆಕ್ಕದಲ್ಲಿ ಮಾಡಿದ್ದು. ಊರಿನ ಅನೇಕ ಕಡೆ ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು. ಅದೇ 1898ರಲ್ಲಿ ಪಾಲ್ ಲೂಯಿ ಸಿಮಾಂಡ್ ಅನ್ನುವ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ, ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗ್ ಹರಡುತ್ತದೆ ಅಂತ ತೋರಿಸಿದ್ದರು. ಅದನ್ನು ಎಲ್ಲರೂ ಒಪ್ಪಲು ಇನ್ನೂ ವರ್ಷಗಳು ಹಿಡಿದವು. ಅಷ್ಟು ದಿನ ಜನರನ್ನು ಮನೆಯಿಂದ ಎಳೆದು ಕ್ಯಾಂಪಿಗೆ ಹಾಕುವುದು, ಸಾಮಾನು ಸುಡುವುದು ನಡೆದೇ ಇತ್ತು. ರೋಗ ಹೇಗೆ ದಾಟುತ್ತದೆ ಅಂತ ತಿಳಿಯದೆ ಮಾಡಿದ ತಡೆ ಜನರನ್ನು ಹೇಗೆ ಹಿಂಸಿಸಬಲ್ಲದು ನೋಡಿ. ಸರ್ವೆಯವರನ್ನು ಕಂಡರೆ ಭಯಪಡುವ ಅಜ್ಜಿಯರ ಮೇಲೆ ನನಗೆ ಯಾವತ್ತೂ ಕೋಪ ಬರುವುದಿಲ್ಲ.

ಇನ್ನೊಂದು ಮುಖ್ಯ ಕೆಲಸ ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯದು. 1959ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿನವರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಟಿಬಿ ಇರುವವರನ್ನು ಹುಡುಕಿ ಮಾತಾಡಿಸಿದರು. ಹಳ್ಳಿಯವರಿಗೆ ಕಾಯಿಲೆ ಗೊತ್ತಾಗುವುದಿಲ್ಲ, ಅವರಾಗಿ ಬರುವುದಿಲ್ಲ ಅನ್ನುವ ನಂಬಿಕೆ ಆಗ ಇತ್ತು. ಸಿಕ್ಕಿದ್ದು ಬೇರೆಯೇ. ಅರ್ಧದಷ್ಟು ರೋಗಿಗಳು ಆಗಲೇ ಆಸ್ಪತ್ರೆಗಳ ಬಾಗಿಲಿಗೆ ಹೋಗಿದ್ದರು. ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು. ಇದು 1963ರಲ್ಲಿ ಪ್ರಕಟವಾಯಿತು. ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಕಫ ಪರೀಕ್ಷೆ, ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಅನ್ನುವ ದೇಶದ ಟಿಬಿ ಕಾರ್ಯಕ್ರಮಕ್ಕೆ ಇಂಥ ಅಧ್ಯಯನಗಳೇ ಬುನಾದಿ. ಜನರನ್ನು ಕೂರಿಸಿಕೊಂಡು ಕೇಳಿದ್ದಕ್ಕೆ ತಾನೇ ತಿಳಿದದ್ದು?

ಟಿಬಿ ಅಂತ ಹೇಳಿದರೆ ಓನರ್ ಮನೆ ಖಾಲಿ ಮಾಡಿಸುತ್ತಾರೆ. ಹೆಸರು ಹೊರಗೆ ಹೋಗುತ್ತಾ?

ಈ ಭಯ ಸುಳ್ಳಲ್ಲ. ಡಾಕ್ಟರ್‌ಗಳು ಟಿಬಿ ರೋಗಿಯ ವಿವರವನ್ನು ಸರ್ಕಾರಕ್ಕೆ ತಿಳಿಸಲೇಬೇಕು ಅನ್ನುವ ನಿಯಮ 2012ರಿಂದ ಇದೆ. ಆ ವಿವರ ಚಿಕಿತ್ಸೆ ಕೊಡುವವರ ಮಧ್ಯೆ ಇರಬೇಕೇ ಹೊರತು ಓನರ್‌ಗೆ, ಆಫೀಸಿಗೆ ಹೋಗಕೂಡದು. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಪರೀಕ್ಷೆ, ಔಷಧಿ ಎರಡೂ ಉಚಿತ. ಸರಿಯಾದ ಔಷಧಿ ಶುರುವಾದ ಕೆಲವು ವಾರಗಳಲ್ಲೇ ಬೇರೆಯವರಿಗೆ ಹರಡುವುದು ಬಹಳ ಕಡಿಮೆಯಾಗುತ್ತದೆ. ಮನೆಯವರನ್ನೂ ಪರೀಕ್ಷೆಗೆ ಕರೆಯುತ್ತಾರೆ, ತಪ್ಪಿಸಬೇಡಿ.

ಎಲ್ಲ ಮಕ್ಕಳಿಗೂ ದಡಾರದ ಲಸಿಕೆ ಹಾಕಿಸಿದ್ದಾರೆ. ನಮ್ಮ ಮಗುವಿಗೆ ಬಿಟ್ಟರೆ ಏನಾಗುತ್ತೆ?

ಯಾರಿಗೂ ರಕ್ಷಣೆ ಇಲ್ಲದ ಕಡೆ ಒಂದು ದಡಾರದ ಮಗುವಿನಿಂದ 12ರಿಂದ 18 ಜನಕ್ಕೆ ಹರಡಬಹುದು. ಅದನ್ನು ತಡೆಯಲು ನೂರಕ್ಕೆ ಸುಮಾರು 95 ಜನಕ್ಕೆ ರಕ್ಷಣೆ ಇರಬೇಕು. ಅಂದರೆ ಬಿಡುವುದಕ್ಕೆ ಜಾಗವೇ ಇಲ್ಲ. 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳ ಒಳಗೆ ಇನ್ನೊಂದು. ಕಟ್ಟಡ ಕೆಲಸಕ್ಕೆ ಬೇರೆ ಊರುಗಳಿಂದ ಬಂದವರ ಶೆಡ್ಡುಗಳಲ್ಲಿ ಲಸಿಕೆ ತಪ್ಪಿದ ಮಕ್ಕಳು ಇರುತ್ತಾರೆ. ನಿಮ್ಮ ಪಕ್ಕದಲ್ಲಿ ಅಂಥ ಶೆಡ್ಡು ಇದ್ದರೆ ಆಶಾ ಕಾರ್ಯಕರ್ತೆಗೆ ಒಂದು ಮಾತು ಹೇಳಿ.

ನಾಯಿ ಕಚ್ಚಿದರೆ?

ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಅವತ್ತೇ ಲಸಿಕೆ ಶುರು ಮಾಡಿ. ಚರ್ಮದೊಳಗೆ ಕೊಡುವ ಕ್ರಮದಲ್ಲಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಗಾಯದಲ್ಲಿ ರಕ್ತ ಬಂದಿದ್ದರೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಸುವುದು ಹೆಚ್ಚುಕಡಿಮೆ ಅಸಾಧ್ಯ.

ಡೆಂಗ್ಯೂಗೆ ಲಸಿಕೆ ಬಂತಾ?

ನಮ್ಮ ದೇಶದಲ್ಲೇ ತಯಾರಾದ ಒಂದು ಲಸಿಕೆಯ ಮೂರನೇ ಹಂತದ ಪ್ರಯೋಗ 2024ರ ಆಗಸ್ಟಿನಲ್ಲಿ ಶುರುವಾಯಿತು. ಐಸಿಎಂಆರ್ ಮತ್ತು ಪನೇಷಿಯಾ ಬಯೋಟೆಕ್ ಜೊತೆಯಾಗಿ ನಡೆಸುತ್ತಿವೆ. 10,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ಎರಡು ವರ್ಷ ಗಮನಿಸುವ ಯೋಜನೆ. ನಾಲ್ಕೂ ಬಗೆಯ ವೈರಸ್ಸಿಗೆ ಸಮನಾಗಿ ರಕ್ಷಣೆ ಕೊಡಬೇಕಾಗಿರುವುದರಿಂದ ಅವಸರ ಮಾಡುವ ಹಾಗಿಲ್ಲ.

ನಾನು ಕೂಡ ಏನಾದರೂ ಮಾಡಬಹುದಾ?

ಮಾಡಬಹುದು, ಬೇಕು ಕೂಡ. ನಿಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಅಥವಾ ಬೀದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ವಾರಕ್ಕೊಂದು ದಿನ ಗೊತ್ತು ಮಾಡಿ. ಆ ದಿನ ಮನೆಯ ಒಳಗೆ, ಟೆರೇಸಿನಲ್ಲಿ, ಪಾರ್ಕಿಂಗಿನಲ್ಲಿ ಎಲ್ಲರೂ ನೀರು ನಿಂತಿದೆಯಾ ನೋಡಿ. ಎಷ್ಟು ಕಡೆ ಲಾರ್ವಾ ಸಿಕ್ಕಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡಿ. ಮಳೆ ಶುರುವಾಗುವ ಮುಂಚೆ, ಮೇ ತಿಂಗಳಲ್ಲೇ ಶುರು ಮಾಡಿದರೆ ಇನ್ನೂ ಒಳ್ಳೆಯದು. ಸರ್ವೆಯವರು ಬಂದಾಗ ಆ ಪುಸ್ತಕ ತೋರಿಸಿದರೆ ನಮಗೆ ದೊಡ್ಡ ಸಹಾಯ. ಬೀಗ ಹಾಕಿದ ಮನೆಯವರ ಪರವಾಗಿಯೂ ನೀವೇ ಬರೆದಿಟ್ಟ ಲೆಕ್ಕ ಅಲ್ಲಿರುತ್ತದೆ. ಸೆಕ್ಯೂರಿಟಿಯವರಿಗೂ ಮೊದಲೇ ಒಂದು ಮಾತು ಹೇಳಿಡಿ. ಗುರುತಿನ ಚೀಟಿ ನೋಡಿ, ರಿಜಿಸ್ಟರಿನಲ್ಲಿ ಹೆಸರು ಬರೆಸಿಕೊಂಡು ಒಳಗೆ ಬಿಡಲಿ. ಚೀಟಿ ಇಲ್ಲದವರನ್ನು ಬಿಡುವುದು ಬೇಡ. ಆರೋಗ್ಯದ ಬಗ್ಗೆ ಬೇರೆ ಏನಾದರೂ ಕೇಳಬೇಕಿದ್ದರೆ 104ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.